ಕೆಂಪು ಸುತ್ತು ಹಾಕಿದ ಒಂದು ಅಂಕಿ: ಆಪ್ತಸಲಹೆ ಪ್ರಕರಣ

(ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಾರವಾರ ತಾಲ್ಲೂಕಿನ 43 ವಯಸ್ಸಿನ ಶಿಕ್ಷಕಿಯೊಬ್ಬರು ವೈದ್ಯರ ಸೂಚನೆಯಂತೆ ಆಪ್ತಸಲಹೆಗೆ ಬಂದರು. ತೂಕ 84 ಕಿಲೋ, ಎತ್ತರ 158 ಸೆಂ.ಮೀ., ಸೊಂಟದ ಸುತ್ತಳತೆ 98 ಸೆಂ.ಮೀ.; ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯ ಅಳತೆ) ಶೇ 6.1, ಅಂದರೆ ಮಧುಮೇಹದ ಹೊಸ್ತಿಲು. ಆದರೆ ಅವರ ನಿದ್ದೆಗೆಡಿಸಿದ್ದು ವರದಿಯಲ್ಲಿ ಕೆಂಪು ಶಾಯಿಯ ಸುತ್ತು ಬಿದ್ದಿದ್ದ ಎಚ್‌ಎಸ್‌-ಸಿಆರ್‌ಪಿ (ರಕ್ತದಲ್ಲಿನ ಸಿಆರ್‌ಪಿ ಎಂಬ ಪ್ರೋಟೀನಿನ ಸೂಕ್ಷ್ಮ ಅಳತೆ), 6.4. ಅದು ಉರಿಯೂತದ ಗುರುತು ಎಂದು ಯಾರೋ ಹೇಳಿದ್ದೇ ತಡ, ಒಳಗೆಲ್ಲೋ ಗಡ್ಡೆ ಬೆಳೆಯುತ್ತಿದೆ ಎಂದು ಹೆದರಿ ಅವರು ದಿನಕ್ಕೆರಡು ಸಲ ಅರಿಶಿನದ ಕಷಾಯವನ್ನೂ ದುಬಾರಿ ಪುಡಿಯೊಂದನ್ನೂ ಕುಡಿಯತೊಡಗಿದ್ದರು.

ಹೊಟ್ಟೆಯೊಳಗಿನ ಅಂಗಾಂಗಗಳ ಸುತ್ತ ಕೊಬ್ಬು ಹೆಚ್ಚಿದಾಗ ಅದರ ಕೋಶಗಳು ಹಿಗ್ಗುತ್ತವೆ, ಅಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಸೇರಿಕೊಂಡು ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ಸಂಕೇತಗಳನ್ನು ಬಿಡುತ್ತವೆ ಎಂಬುದನ್ನು ನಾನು ಅವರಿಗೆ ಚಿತ್ರ ಬರೆದು ತೋರಿಸಿದೆ. ಆ ಸಂಕೇತ ತಲುಪಿದ ಯಕೃತ್ತು ಸಿಆರ್‌ಪಿಯನ್ನು ತಯಾರಿಸುತ್ತದೆ. ಅದೇ ಸಂಕೇತಗಳು ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಿಯಾಗುವುದರಿಂದ ಸಕ್ಕರೆ ಏರುತ್ತದೆ. ಹಾಗಾಗಿ ಸುತ್ತು ಹಾಕಿದ ಅಂಕಿಯೂ ಸುತ್ತು ಹಾಕದ ಅಂಕಿಗಳೂ ಒಂದೇ ಕಥೆಯವು. ಶೀತ, ಜ್ವರ, ವಸಡಿನ ಸೋಂಕಿನಲ್ಲಿಯೂ ಸಿಆರ್‌ಪಿ ಏರುತ್ತದೆಂದು ತಿಳಿಸಿ ಕೇಳಿದಾಗ, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದು ಬಹುಕಾಲದಿಂದಲೇ ಇದೆ ಎಂದರು.

ನಿಜವಾದ ತೊಡಕು ಬೇರೆಡೆ ಇತ್ತು. ಸಹೋದ್ಯೋಗಿಗಳು ತಟ್ಟೆ ನೋಡುತ್ತಾರೆಂಬ ಸಂಕೋಚಕ್ಕೆ ಅವರು ಶಾಲೆಯಲ್ಲಿ ಊಟವನ್ನೇ ಬಿಡುತ್ತಿದ್ದರು. ರಾತ್ರಿ ಹತ್ತೂವರೆಗೆ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಪಾತ್ರೆಯಲ್ಲಿ ಉಳಿದ ಕುಚ್ಚಲಕ್ಕಿ ಅನ್ನ ಮತ್ತು ಬಂಗಡೆ ಸಾರನ್ನು ನಿಂತೇ ತಿನ್ನುತ್ತಿದ್ದರು. ಹಸಿವನ್ನು ಹೀಗೆ ಮುಚ್ಚಿಟ್ಟುಕೊಳ್ಳುವ ಗಂಡಸರನ್ನು ನಾನು ಕಂಡದ್ದು ಕಡಿಮೆ. ಅತ್ತೆಯವರು ಅನ್ನ, ಮೀನು ಎರಡನ್ನೂ ಬಿಡಿಸಲು ಹಟ ಹಿಡಿದಿದ್ದರಂತೆ.

ಎರಡನ್ನೂ ಬಿಡಬೇಕಿಲ್ಲ ಎಂದೆ. ಮಧ್ಯಾಹ್ನ ಕುಳಿತು ಉಣ್ಣಬೇಕು, ಅನ್ನ ಅಳತೆಯಲ್ಲಿರಲಿ, ಪಲ್ಯ ಹೆಚ್ಚಿರಲಿ, ಬಂಗಡೆಯನ್ನು ಹುರಿಯುವ ಬದಲು ಸಾರು ಮಾಡಲಿ, ರಾತ್ರಿಯೂಟ ಎಂಟರೊಳಗೆ ಮುಗಿಯಲಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಗೆ ಕಡಲತೀರವೇ ಆಗಬೇಕೆಂದಿಲ್ಲ, ಮಳೆಗಾಲದಲ್ಲಿ ಶಾಲೆಯ ಜಗುಲಿಯೂ ಸಾಕು. ಮೊದಲ ಗುರಿ ತೂಕದ ಶೇ 5, ಅಂದರೆ ನಾಲ್ಕು ಕಿಲೋ ಮಾತ್ರ. ಅದೂ ಇಳಿಯದಿದ್ದರೆ ಎಂದು ಅವರು ಕೇಳಿದ್ದಕ್ಕೆ, 2006ರಲ್ಲಿ ಪ್ರಕಟವಾದ ಭಾರತದ ಮಧುಮೇಹ ತಡೆ ಅಧ್ಯಯನದಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ ಜೀವನಶೈಲಿ ಬದಲಿಸಿದವರಲ್ಲಿ ಮಧುಮೇಹದ ಅಪಾಯ ಶೇ 28.5ರಷ್ಟು ತಗ್ಗಿತೆಂದು ತಿಳಿಸಿದೆ. ಪುಡಿಯನ್ನು ನಿಲ್ಲಿಸಿ ಅದರ ಡಬ್ಬಿಯನ್ನು ವೈದ್ಯರಿಗೆ ತೋರಿಸಲು, ದಂತವೈದ್ಯರನ್ನು ಕಾಣಲು, ಸೋಂಕು ಪೂರ್ಣ ವಾಸಿಯಾಗಿ ಕನಿಷ್ಠ ಎರಡು ವಾರ ಕಳೆದ ಮೇಲೆ ಸಿಆರ್‌ಪಿ ಮರುಪರೀಕ್ಷೆ ಮಾಡಿಸಲು ಸೂಚಿಸಿದೆ. ಪತಿಯನ್ನು ಕರೆಸಿ, ಮನೆಯಲ್ಲಿ ಯಾರೂ ಅವರ ತಟ್ಟೆಯ ಬಗ್ಗೆ ಮಾತಾಡಬಾರದೆಂದು ಒಪ್ಪಿಸಿದೆ. ಅವರಿಗೆ ಅತ್ಯಂತ ಕಷ್ಟವಾದ ಸಲಹೆ ಇದೇ ಇರಬೇಕು.

ಮೂರು ತಿಂಗಳಿಗೆ ತೂಕ 81 ಕಿಲೋ, ಸುತ್ತಳತೆ 94, ಸಿಆರ್‌ಪಿ 3.1. ಇದರಲ್ಲಿ ವಸಡಿನ ಚಿಕಿತ್ಸೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಇನ್ನೂ ಹೆಚ್ಚೇ ಇರುವುದರಿಂದ ಯಕೃತ್ತಿನ ಸ್ಕ್ಯಾನಿಂಗ್‌ಗೆ ವೈದ್ಯರು ಬರೆದಿದ್ದಾರೆ. ಮುಂದಿನ ಭೇಟಿ ಚೌತಿ ಮುಗಿದ ಮೇಲೆ.