ವಿಮರ್ಶೆ ಕೆಟ್ಟದಾಗಿದೆ, ಮೊದಲ ವಾರದ ಕಲೆಕ್ಷನ್ ಜೋರಾಗಿದೆ. ಟಾಕೀಸಿಗೆ ಎಂಜಿ (ಮಿನಿಮಮ್ ಗ್ಯಾರಂಟಿ, ಅಂದರೆ ಜನ ಬರಲಿ ಬಿಡಲಿ ಹಂಚಿಕೆದಾರರಿಗೆ ಇಷ್ಟಂತೂ ಖಾತ್ರಿ ಅನ್ನೋ ದುಡ್ಡು) ಕೊಟ್ಟು ತರಬಹುದಾ?

"ಟೈಟಾನಿಕ್‌ಗೂ ವಿಮರ್ಶಕರು ಬೈದಿದ್ದರು, ಓಡಲಿಲ್ಲವಾ?" ಅಂತ ಕೇಳಿದ್ದೀರಿ. ಇದೇ ಮಾತು ಹೇಳಿಕೊಂಡು ನಾನು 2001ರಲ್ಲಿ, ಜಪಾನ್ ಅಮೆರಿಕದ ನೌಕಾನೆಲೆ ಮೇಲೆ ಬಾಂಬ್ ಹಾಕಿದ ಕಥೆಯ 'ಪರ್ಲ್ ಹಾರ್ಬರ್' ಸಿನಿಮಾ ತಂದು ಕೈ ಸುಟ್ಟುಕೊಂಡವನು.

ಅಸಲಿಗೆ ಟೈಟಾನಿಕ್‌ಗೆ ಹಾಗೆ ಬೈದವರೇ ಕಡಿಮೆ. ಲಾಸ್ ಏಂಜಲೀಸ್ ಟೈಮ್ಸ್‌ನ ಕೆನೆತ್ ಟುರಾನ್ ಅದರ ಚಿತ್ರಕಥೆಯನ್ನು ಜಾಲಾಡಿದ್ದರು, ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಕೆರಳಿ ಅದೇ ಪತ್ರಿಕೆಗೆ ಬರೆದಿದ್ದರು. ಆದರೆ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದರು, ಉಳಿದವರಲ್ಲೂ ಹೊಗಳಿದವರೇ ಹೆಚ್ಚು. ಜನ ಆಡಿಕೊಂಡಿದ್ದು ಬಿಡುಗಡೆಗೆ ಮುಂಚೆ: ಖರ್ಚು 200 ಮಿಲಿಯನ್ ಡಾಲರ್ ಮುಟ್ಟಿ, 1997ರ ಜುಲೈನಲ್ಲಿ ಬರಬೇಕಿದ್ದ ಚಿತ್ರ ಡಿಸೆಂಬರ್‌ಗೆ ಹೋದಾಗ.

2001ರಲ್ಲಿ ನಮ್ಮೂರ ಟಾಕೀಸ್ ನನ್ನ ಲೀಸಿನಲ್ಲಿತ್ತು. ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆಯ ನಾಲ್ಕು ದಿನಕ್ಕೆ ಪರ್ಲ್ ಹಾರ್ಬರ್ 75 ಮಿಲಿಯನ್ ಬಾಚಿತು ಅಂತ ಓದಿದೆ. ಟೈಟಾನಿಕ್‌ನ ಮೊದಲ ವಾರಾಂತ್ಯ 28 ಮಿಲಿಯನ್ ಚಿಲ್ಲರೆ ಅಷ್ಟೇ. ತಲೆ ತಿರುಗಿತು. ಎಬರ್ಟ್ ಪರ್ಲ್ ಹಾರ್ಬರ್‌ಗೆ ಒಂದೂವರೆ ಸ್ಟಾರ್ ಕೊಟ್ಟಿದ್ದನ್ನು ಯಾರು ಕೇಳ್ತಾರೆ? "ಪರ್ಸೆಂಟೇಜ್ ಮೇಲೆ ತಗೊಳೋ, ಮುಳುಗಿದ್ರೆ ಅವರೂ ಮುಳುಗ್ತಾರೆ" ಅಂದರು ಸೋದರಮಾವ, ಅಂದರೆ ಬಂದ ಕಲೆಕ್ಷನ್‌ನಲ್ಲಿ ಪಾಲು ಹಂಚಿಕೊಳ್ಳೋದು. ಲಾಭದಲ್ಲಿ ಪಾಲು ಯಾಕೆ ಕೊಡಬೇಕು ಅಂತ ಫಿಕ್ಸೆಡ್ ಹೈರ್‌ಗೆ (ಜನ ಬರಲಿ ಬಿಡಲಿ, ಸಿನಿಮಾಗೆ ಇಷ್ಟು ಅಂತ ಗೊತ್ತಾದ ಬಾಡಿಗೆ) ಒಪ್ಪಿ ಮುಂಗಡ ಕಟ್ಟಿಬಿಟ್ಟೆ.

ತಪ್ಪು ಎಲ್ಲಾಯಿತು ಅಂದರೆ, ನಾನು ಮೊದಲ ವಾರಾಂತ್ಯದ ಅಂಕಿ ಒಂದನ್ನೇ ನೋಡಿದ್ದೆ. ಅದು ಟ್ರೈಲರ್, ಪೋಸ್ಟರ್, ರಜೆ ಮೂರೂ ಸೇರಿ ತಂದ ದುಡ್ಡು. ಸಿನಿಮಾ ನೋಡಿದವರು ಮನೆಗೆ ಹೋಗಿ ಏನಂದರು ಅನ್ನೋದು ಎರಡನೇ ವಾರದಲ್ಲಿ ಗೊತ್ತಾಗುತ್ತೆ. ಟೈಟಾನಿಕ್ ಎರಡನೇ ವಾರಾಂತ್ಯ 35 ಮಿಲಿಯನ್ ದಾಟಿತು, ಅಂದರೆ ಏರಿತು! ಅದು ಅತಿ ಹೆಚ್ಚು ಗಳಿಸಿದ ದಿನ 1998ರ ಫೆಬ್ರುವರಿ 14, ಬಿಡುಗಡೆಯಾಗಿ ಎಂಟು ವಾರ ಕಳೆದ ಮೇಲೆ. ಸತತ 15 ವಾರಾಂತ್ಯ ಮೊದಲ ಸ್ಥಾನ, ಅಮೆರಿಕದಲ್ಲೇ 600 ಮಿಲಿಯನ್. ಪರ್ಲ್ ಹಾರ್ಬರ್ ಎರಡನೇ ವಾರಾಂತ್ಯಕ್ಕೇ ಅರ್ಧಕ್ಕಿಳಿದು, ಅಲ್ಲಿ ಒಟ್ಟು 200 ಮಿಲಿಯನ್ ಕೂಡ ಮುಟ್ಟಲಿಲ್ಲ. ಜಗತ್ತಿನಾದ್ಯಂತ ಸುಮಾರು 450 ಮಿಲಿಯನ್ ಬಂತು, ಅದನ್ನು ತೆಗೆದವರಿಗೇನೂ ತೊಂದರೆಯಾಗಲಿಲ್ಲ. ಅವರು ಬೆಳೆ ಕೊಯ್ದುಕೊಂಡರು, ನಮ್ಮೂರಿಗೆ ಬಂದಿದ್ದು ಕೂಳೆ.

ನಮ್ಮಲ್ಲಿ ಭಾನುವಾರ ಬಾಲ್ಕನಿ ತುಂಬಿತ್ತು. ಬುಧವಾರದ ಹೊತ್ತಿಗೆ ಜನ ಗೇಟ್‌ಕೀಪರ್ ಹತ್ತಿರ ಬಂದು "ಬಾಂಬ್ ಯಾವಾಗ ಬೀಳುತ್ತೆ ಅಣ್ಣಾ?" ಅಂತ ಕೇಳಿ, ಬೀಡಿ ಸೇದೋಕೆ ಹೊರಗೆ ಹೋಗೋರು. ಅದು ಬೀಳೋದು ಒಂದೂವರೆ ಗಂಟೆ ಪ್ರೇಮ ಮುಗಿದ ಮೇಲೆ. ದಾಳಿ ಮುಗಿಯುತ್ತಲೇ ಸ್ಟ್ಯಾಂಡಿನಲ್ಲಿ ಸೈಕಲ್ ತೆಗೆಯೋ ಸದ್ದು, ಪರದೆ ಮೇಲೆ ಇನ್ನೂ ಟೋಕಿಯೋ ಮೇಲಿನ ದಾಳಿ ಬಾಕಿ. ಟೈಟಾನಿಕ್‌ನಲ್ಲೂ ಹಡಗು ಹಿಮಗಡ್ಡೆಗೆ ಬಡಿಯೋದು ತಡವೇ. ಆದರೆ ಆ ಹುಡುಗ ಹುಡುಗಿಗಾಗಿ ಜನ ಕಾದರು, ಅದಕ್ಕೇ ಮತ್ತೆ ಟಿಕೆಟ್ ತಗೊಂಡರು.

ಹಾಗಾಗಿ ನನ್ನನ್ನು ಕೇಳಿದರೆ, ವಿಮರ್ಶೆಯೋ ಕಲೆಕ್ಷನ್ನೋ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎರಡನೇ ಸೋಮವಾರದ ಡಿಸಿಆರ್ (ಆ ದಿನದ ಕಲೆಕ್ಷನ್ ವರದಿ) ಕೇಳಿ, ಫಸ್ಟ್ ಶೋಗೆ ಎಷ್ಟು ಜನ ಇದ್ದರು ನೋಡಿ. ಹಂಚಿಕೆದಾರರು ಅದನ್ನು ತೋರಿಸದೆ ಮೊದಲ ವಾರದ ಜಾಹೀರಾತು ಮುಂದಿಟ್ಟರೆ ಎಂಜಿ ಮಾತೇ ಬೇಡ. ಪರ್ಸೆಂಟೇಜ್‌ಗೆ ಒಪ್ಪಿದರೆ ತನ್ನಿ, ಇಲ್ಲದಿದ್ದರೆ ಆ ವಾರ ಯಾವುದಾದರೂ ಹಳೇ ಅಣ್ಣಾವ್ರ ಸಿನಿಮಾ ಹಾಕಿ.