ಫೈನೈಟ್‌ಗೆ ‘ಇನ್’ ಸೇರಿದರೆ ಇನ್‌ಫಿನಿಟ್ ಯಾಕೆ?

ಪ್ರಶ್ನೆ: ನಾನು ಬಿ.ಎಡ್. ವಿದ್ಯಾರ್ಥಿನಿ. ಗದಗ ಹತ್ತಿರದ ಶಾಲೆಯಲ್ಲಿ ಪಾಠ ಮಾಡುವಾಗ ಬೋರ್ಡ್ ಮೇಲೆ ಇನ್ + ಫೈನೈಟ್ ಎಂದು ಬರೆದು, ‘ಇನ್‌ಫೈನೈಟ್’ ಎಂದೇ ಓದಿದೆ. ಹಿಂದೆ ಕೂತಿದ್ದ ಮೇಡಂ ‘ಇನ್‌ಫಿನಿಟ್’ ಎಂದು ತಿದ್ದಿದರು. ಹೀಗೇಕೆ? ಈ ಪದವನ್ನು ಒಡೆಯುವುದು ಎಲ್ಲಿ?

ಉತ್ತರ: ತಂಗಿ, ಅರ್ಥ ಹೇಳಲು ನೀವು ಒಡೆದದ್ದು ಸರಿಯೇ ಇದೆ. ಉಚ್ಚಾರದ ಲೆಕ್ಕ ಮಾತ್ರ ಬೇರೆ. ಅದೇ ಅರ್ಥದ ನಮ್ಮ ‘ಅನಂತ’ ನೋಡಿ. ಬಿಡಿಸಿದರೆ ಅನ್ + ಅಂತ. ಬಾಯಲ್ಲಿ ಬರುವುದು ಅ-ನಂ-ತ. ‘ಅನ್’ ಎಂದು ನಿಂತು, ಆಮೇಲೆ ‘ಅಂತ’ ಅನ್ನುವವರು ಯಾರೂ ಇಲ್ಲ, ಅಲ್ವಾ? ಇದೂ ಹಾಗೇ, ಮೂರು ಸಿಲಬಲ್: ಇನ್-ಫಿ-ನಿಟ್.

ಇನ್ನು ಒತ್ತು. ‘ಗದಗ’ ಅಂದು ನೋಡಿ. ಮೂರೂ ಅಕ್ಷರಕ್ಕೆ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷ್ ಒಂದು ಸಿಲಬಲ್ ಮೇಲೆ ಭಾರ ಹಾಕುತ್ತದೆ, ಉಳಿದವು ಸೊರಗುತ್ತವೆ. ಫೈನೈಟ್‌ನಲ್ಲಿ ಭಾರ ‘ಫೈ’ ಮೇಲಿದೆ. ಇನ್‌ಫಿನಿಟ್‌ನಲ್ಲಿ ‘ಇನ್’ ಮೇಲಿದೆ, ಹಾಗಾಗಿ ‘ಫೈ’ ಸೊರಗಿ ‘ಫಿ’ ಆಗಿದೆ. ಇದು ಇಂಗ್ಲಿಷ್‌ನಲ್ಲಿ ಜೋಡಿಸಿದ ಪದವಲ್ಲ. ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಇಡಿಯಾಗಿ ಬಂದದ್ದು.

ಆದರೆ ಇಂಥವು ಬೆರಳೆಣಿಕೆಯಷ್ಟು. ಇನ್‌ಫಮಸ್, ಇಂಪೊಟೆಂಟ್ ಇದೇ ಸಾಲಿನವು. ಇನ್‌ಫಮಸ್ ಅನ್ನು ‘ಇನ್‌ಫೇಮಸ್’ ಅನ್ನುವುದು ತೀರಾ ಜಾಸ್ತಿ. ಬಹಳ ಫೇಮಸ್ ಎಂಬ ಅರ್ಥದಲ್ಲಿ ಬಳಸುವವರೂ ಇದ್ದಾರೆ. ಅದರ ಅರ್ಥ ಕುಖ್ಯಾತ! ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಉಳಿದಂತೆ ಸಾಮಾನ್ಯವಾಗಿ ಮೂಲಪದದ ಒತ್ತು ಕದಲುವುದಿಲ್ಲ. ಅನ್‌ಹ್ಯಾಪಿಯಲ್ಲಿ ‘ಹ್ಯಾ’, ಇಂಪಾಸಿಬಲ್‌ನಲ್ಲಿ ‘ಪಾ’, ಇನ್‌ಕರೆಕ್ಟ್‌ನಲ್ಲಿ ‘ರೆಕ್ಟ್’.

ಬರೆದಂತೆ ಓದುವ ನಮಗೆ ಎಡವಲು ಇನ್ನೊಂದು ಜಾಗವಿದೆ. ‘ಅನ್‌ನೋನ್’ ಪದದಲ್ಲಿ ಎರಡು ನಕಾರವೂ ಕೇಳಬೇಕು, ‘ಅನ್ನ’ದಲ್ಲಿ ಕೇಳಿದ ಹಾಗೆ. ‘ಇಮಾರಲ್’ ಸ್ಪೆಲ್ಲಿಂಗ್‌ನಲ್ಲಿ ಎಮ್ ಎರಡಿದ್ದರೂ ಕೇಳುವುದು ಒಂದೇ. ‘ಅಮ್ಮ’ದಲ್ಲಿ ಕೇಳುವಂತೆ ಎರಡು ಮಕಾರ ಹಾಕಿ ‘ಇಮ್ಮಾರಲ್’ ಅನ್ನಬೇಡಿ.

ನಿಘಂಟು ತೆರೆದಾಗ ಉಚ್ಚಾರದ ಜಾಗ ನೋಡಿ. ಮೇಲೆ ಸಣ್ಣದೊಂದು ನಿಂತ ಗೆರೆ ಇರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ನಿಘಂಟುಗಳಲ್ಲಿ ಆ ಗೆರೆಯ ಮುಂದಿನ ಸಿಲಬಲ್‌ಗೇ ಒತ್ತು. ಮುಂದಿನ ಪಾಠಕ್ಕೆ ಹೋದಾಗ ಬೋರ್ಡ್ ಮೇಲೆ ‘ಅನಂತ’, ‘ಇನ್‌ಫಿನಿಟ್’ ಎರಡನ್ನೂ ಬರೆಯಿರಿ. ಅರ್ಥದ ಗೆರೆ ಬಿಳಿ ಸೀಮೆಸುಣ್ಣದಲ್ಲಿ, ಉಚ್ಚಾರದ ಗೆರೆ ಕೆಂಪಿನಲ್ಲಿ ಎಳೆಯಿರಿ. ಒತ್ತು ಬಂದಾಗ ಮಕ್ಕಳು ಡೆಸ್ಕ್ ಒಮ್ಮೆ ತಟ್ಟಲಿ.