ಜಡ್ಡಿಯ ಗಿಡ ಕೀಳಬೇಡಿ, ಒರತೆ ನೋಡಿಕೊಳ್ಳಿ

ಮಳೆಗಾಲ ಹತ್ತಿರ ಬಂದ ಹಾಗೆ ನನಗೆ ಒಂದೇ ಥರದ ಪತ್ರಗಳು ಬರುತ್ತವೆ. ಹವಾಮಾನ ಕೆಡ್ತಾ ಇದೆ, ಅಪರೂಪದ ಗಿಡಗಳು ಸಾಯ್ತವೆ, ಕಾಡಿನಿಂದ ಕಿತ್ತು ತಂದು ನಮ್ಮ ಬೆಟ್ಟದಲ್ಲಿ ನೆಡ್ತೇವೆ ಅಂತ. ಕಳೆದ ವರ್ಷ ಎರಡು ಸಾಲಿನಲ್ಲಿ ಬೇಡ ಎಂದು ಬರೆದೆ. ಸಾಲಲಿಲ್ಲ. ಈ ಸಲ ಹೆಚ್ಚಿನ ಜಾಗ ಇದಕ್ಕೇ.

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ಅಡಿಕೆ ತೋಟ. ಮೇಲೆ ನಾಲ್ಕು ಎಕರೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡ) ಇದೆ. 2070ರ ಹೊತ್ತಿಗೆ ಕತ್ತಲೆಕಾನು ಎಂಬ ಕಾಡಿನ ರಾಮಪತ್ರೆ ಜಡ್ಡಿ (ಕಾಡು ಜಾಯಿಕಾಯಿ ಬಳಗದ ಮರಗಳ ಜೌಗು ಕಾಡು) ಇರೋದಿಲ್ಲ ಎಂದು ವಾಟ್ಸಾಪಿನಲ್ಲಿ ಬಣ್ಣದ ನಕ್ಷೆ ಬಂದಿತ್ತು. ಸೆಖೆ ಜಾಸ್ತಿಯಾದರೆ ಗಿಡಗಳು ಎತ್ತರಕ್ಕೆ ಹೋಗಬೇಕಂತೆ. ಜಡ್ಡಿಯಿಂದ ಐವತ್ತು ಸಸಿ ತಂದು ಬೆಟ್ಟದಲ್ಲಿ ನೆಟ್ಟು ಡ್ರಿಪ್ ಹಾಕಿದರೆ ಉಳೀತವಾ ಸರ್?

ಉಳಿಯೋದಿಲ್ಲ. ಐವತ್ತು ಸಸಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತಾಗುತ್ತದೆ.

ಮೊದಲು ಎತ್ತರದ ಮಾತು. 1000 ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು, ಸರಿ. ಹಿಮಾಲಯದಲ್ಲಿ, ಕುದುರೆಮುಖದಲ್ಲಿ ಈ ಲೆಕ್ಕ ನಡೆಯುತ್ತದೆ. ಕುದುರೆಮುಖ 1800 ಮೀಟರ್ ದಾಟುತ್ತದೆ. ಸಿರ್ಸಿ ಇರುವುದು 600 ಮೀಟರ್ ಆಸುಪಾಸಿನಲ್ಲಿ, ನಮ್ಮ ಘಟ್ಟ ಹೆಚ್ಚುಕಡಿಮೆ ಅಲ್ಲಿಗೇ ಮುಗೀತು. ಗಿಡ ಹತ್ತಬೇಕೆಂದರೂ ಹತ್ತಲು ಗುಡ್ಡ ಇಲ್ಲ. ಪೂರ್ವಕ್ಕೆ ಸರಿದರೆ ಮುಂಡಗೋಡು. ಕರಾವಳಿಯಲ್ಲಿ 3000 ಮಿಲಿಮೀಟರ್ ಮೇಲೆ ಸುರಿಯುವ ಮಳೆ ಅಲ್ಲಿ ಅರ್ಧವೂ ಇಲ್ಲ. ನಿಮ್ಮ ಬೆಟ್ಟ ತೋಟಕ್ಕಿಂತ ಐವತ್ತು ಮೀಟರ್ ಎತ್ತರ ಇದ್ದೀತು. ಅದರಿಂದ ಸಿಗುವ ತಂಪು ಅರ್ಧ ಡಿಗ್ರಿಯೂ ಅಲ್ಲ. ಕಳೆದುಕೊಳ್ಳುವುದು ಮಾತ್ರ ಪೂರ್ತಿ ನೀರು.

ಜಡ್ಡಿಯ ಮರಕ್ಕೆ ನೀರೇ ಜೀವ. ಕತ್ತಲೆಕಾನಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಸುತ್ತ ಗುಡ್ಡ ಒಣಗಿ ದರಕು (ಉದುರಿದ ಒಣ ಎಲೆ) ಚರಚರ ಅನ್ನುತ್ತಿರುತ್ತದೆ. ನಾಲ್ಕು ಹೆಜ್ಜೆ ಇಳಿದರೆ ಕಾಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಕೆಸರಿನಿಂದ ಬೇರುಗಳು ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ಅದು ಜಿಮ್ನಾಕ್ರಾಂತೆರಾ ಕನಾರಿಕಾ. ಹೆಸರಲ್ಲೇ ನಮ್ಮ ಕೆನರಾ ಇದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ. ಪಕ್ಕದಲ್ಲೇ ಊರುಗೋಲು ಕೊಟ್ಟ ಹಾಗೆ ಬೇರು ಬಿಟ್ಟು ನಿಂತಿರುವುದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇಂಥ ಮರವನ್ನು ಒಣ ಬೆಟ್ಟಕ್ಕೆ ತಂದು ಡ್ರಿಪ್ಪಿನ ಹನಿ ಕೊಡ್ತೇನೆ ಅಂದರೆ ಹೇಗೆ? (ತೋಟದಂಚಿನಲ್ಲಿ ಬೆಳೆಯುವ ರಾಮಪತ್ರೆ ಬೇರೆ ಜಾತಿ. ಅದಕ್ಕೆ ತಂಪು ನೆರಳು ಸಾಕು, ಜಡ್ಡಿಯೇ ಬೇಕೆಂದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಮೋಸ ಹೋದವರು ತುಂಬಾ ಜನ.)

ಇನ್ನು ನಕ್ಷೆ. ಅದನ್ನು ಮಾಡಿದವರು ಸುಳ್ಳು ಹೇಳಿಲ್ಲ, ಹಂಚಿದವರು ಓದಿಲ್ಲ. ಗಿಡ ಈಗ ಸಿಕ್ಕ ಜಾಗಗಳ ಮಳೆ, ಸೆಖೆ ನೋಡಿ, ಮುಂದೆ ಅಂಥದ್ದೇ ಹವೆ ಎಲ್ಲಿರಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಅದರ ಒಂದೊಂದು ಚೌಕ ಒಂದು ಕಿಲೋಮೀಟರ್ ಅಗಲ. ಜಡ್ಡಿಯ ಅಗಲ ಎಷ್ಟೋ ಕಡೆ ಒಂದು ಸಣ್ಣ ತೋಟದಷ್ಟೂ ಇಲ್ಲ. ಗುಡ್ಡದ ಬುಡದ ಒರತೆ ಆ ಚೌಕದಲ್ಲಿ ಕಾಣುವುದೇ ಇಲ್ಲ. ಗೋವಾದಲ್ಲೂ ಇಂಥ ಜಡ್ಡಿಗಳಿವೆ. ಕೇರಳದ ಜಡ್ಡಿಗಳಿಗಿಂತ ಅಲ್ಲಿ ಮಳೆಯಿಲ್ಲದ ತಿಂಗಳು ಜಾಸ್ತಿ. ಆದರೂ ಬದುಕಿವೆ, ಯಾಕೆಂದರೆ ಬೇಸಿಗೆಯಲ್ಲೂ ಒರತೆ ಹರಿಯುತ್ತದೆ.

ಹಾಗಂತ ಹವಾಮಾನದ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನಗೆ ನಿಜಕ್ಕೂ ಭಯ ಇದೆ. ನಾಲ್ಕು ತಿಂಗಳು ಹನಿಹನಿಯಾಗಿ ಇಂಗಬೇಕಾದ ಮಳೆ ನಾಲ್ಕು ದಿನದಲ್ಲಿ ಸುರಿದರೆ ಅದು ಮಣ್ಣಿಗಿಳಿಯದೆ ಹೊಳೆಗೆ ಓಡುತ್ತದೆ. ಜುಲೈ 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ಬಂದದ್ದನ್ನು ಯಾರೂ ಮರೆತಿಲ್ಲ. ಎರಡು ವರ್ಷ ಕಳೆದು 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲಿ ಬರ ಘೋಷಣೆಯಾಯಿತು. ಒರತೆ ಏಪ್ರಿಲ್‌ನಲ್ಲಿ ಒಂದು ವಾರ ಬೇಗ ಬತ್ತಿದರೂ ದೊಡ್ಡ ಮರ ತಡೆದುಕೊಂಡೀತು. ಅದರ ಬುಡದ ಸಸಿ ತಡೆಯುವುದಿಲ್ಲ. ಆಮೇಲೆ ಮರಗಳಿರುತ್ತವೆ, ಮರಿಗಳಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಚೆನ್ನಾಗಿಯೇ ಕಾಣುತ್ತದೆ.

ಇವುಗಳ ಬೀಜವೂ ಒಣಗಿಸಿಡುವಂಥದ್ದಲ್ಲ. ಕಾಯಿ ಒಡೆದಾಗ ಬೀಜದ ಮೇಲೆ ಪತ್ರೆಯ ಹೊದಿಕೆ ಹಸಿಯಾಗಿ, ಹೊಳೆಯುತ್ತಾ ಸುತ್ತಿಕೊಂಡಿರುತ್ತದೆ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಅದಕ್ಕಾಗಿಯೇ ಬಂದು ನುಂಗಿ, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಅದು ಕೆಸರಿಗೆ ಬಿದ್ದರೆ ಸರಿ. ಗಟ್ಟಿ ನೆಲಕ್ಕೆ ಬಿದ್ದು ಒಣಗಿ, ಅಲುಗಿಸಿದರೆ ಒಳಗೆ ಗಡಗಡ ಅಂದರೆ ಆ ಬೀಜ ಸತ್ತಿದೆ. ಒಂದು ಜಡ್ಡಿಗೂ ಇನ್ನೊಂದಕ್ಕೂ ನಡುವೆ ಈಗ ತೋಟ, ರಸ್ತೆ, ಅಕೇಶಿಯಾ. ಸಾವಿರಾರು ವರ್ಷ ಹಕ್ಕಿ ಮಾಡಿದ ಕೆಲಸಕ್ಕೆ ನಾವೇ ಅಡ್ಡ ಹಾಕಿದ್ದೇವೆ.

ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ಬಳಗದ ಮರ ವಿಜ್ಞಾನಕ್ಕೆ ಗೊತ್ತಾಗಿದ್ದೇ 2000ದಲ್ಲಿ. ಇರುವುದೇ ಬೆರಳೆಣಿಕೆಯ ಜಾಗಗಳಲ್ಲಿ. ಜಡ್ಡಿಯಿಂದ ಸಸಿ ಕೀಳುವಾಗ ಯಾವುದರ ಸಸಿ ಕೀಳುತ್ತಿದ್ದೀರಿ ಎಂದು ನಿಮಗೆ ಗೊತ್ತಿರುತ್ತದಾ? ಎಲೆ ನೋಡಿ ಹೇಳಲು ನನಗೇ ಎಷ್ಟೋ ಸಲ ಕಷ್ಟ.

ಗಿಡ ನೆಡಬೇಕು ಅನ್ನುವ ನಿಮ್ಮ ಮನಸ್ಸು ದೊಡ್ಡದು. ಅದನ್ನು ಒರತೆಯ ಕಡೆ ತಿರುಗಿಸಿ. ನಿಮ್ಮ ಬೆಟ್ಟದ ಬುಡದಲ್ಲಿ ಒರತೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಹಿರಿಯರು ಅಲ್ಲಿ ತೋಟ ಮಾಡುತ್ತಿರಲಿಲ್ಲ. ಅದರ ಬಾಯಿಗೆ ಜೆಸಿಬಿ ತರಿಸಿ ಕೆರೆ ತೋಡಬೇಡಿ. ಮೇಲೆ ಬೋರ್ ಹೊಡೆಸಬೇಡಿ. ಮೂವತ್ತು ಮೀಟರ್ ಸುತ್ತ ಸೊಪ್ಪು ಕಡಿಯಬೇಡಿ, ದರಕು ಗುಡಿಸಬೇಡಿ. ಒರತೆಯ ಹತ್ತಿರ ಒಂದು ಗೂಟ ಹೊಡೆದು, ಪ್ರತಿ ವರ್ಷ ನೀರು ಯಾವ ದಿನ ನಿಂತಿತು, ಯಾವ ದಿನ ಮತ್ತೆ ಬಂತು ಎಂದು ತೋಟದ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಹತ್ತು ವರ್ಷದ ಆ ಬರಹ ನನ್ನಂಥವರಿಗೆ ಯಾವ ನಕ್ಷೆಗಿಂತಲೂ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಶಾಲೆ ಮಕ್ಕಳಿಂದ ಅಪರೂಪದ ಮರಗಳ ಬೀಜದುಂಡೆ ಮಾಡಿಸಿ ಘಟ್ಟದಲ್ಲಿ ಎಸೆಯಬಹುದಾ?

ರಾಮಪತ್ರೆಯ ಜಾತಿಯ ಬೀಜ ಮಣ್ಣುಂಡೆಯೊಳಗೆ ಒಣಗಿ ಸಾಯುತ್ತದೆ. ಬೇಡ.

ಪ್ರಶ್ನೆ: ಮರದರಿಶಿನ ಇನ್ನು ಐದು ವರ್ಷದಲ್ಲಿ ಸಿಗೋದಿಲ್ಲ, ಈಗಲೇ ತಗೊಂಡಿಡಿ, ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತದೆ ಎಂದು ಒಬ್ಬರು ಮನೆ ಬಾಗಿಲಿಗೆ ತಂದಿದ್ದರು. ತಗೊಳ್ಳಲಾ?

ತಗೋಬೇಡಿ. ಅದು ನಿಧಾನ ಬೆಳೆಯುವ ಬಳ್ಳಿ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡೂ ಹತ್ತಿರ ಇದ್ದರೆ ಮಾತ್ರ ಕಾಯಿ. ಬುಡದಲ್ಲಿ ಕಡಿದು ಚೂರು ಮಾಡಿ ಮಾರುವವರೇ ಅದನ್ನು ಮುಗಿಸುತ್ತಿರುವುದು. ಆಮೇಲೆ ಹವಾಮಾನದ ಮೇಲೆ ತಪ್ಪು ಹಾಕುತ್ತಾರೆ. ಅವರ ಮಾತು ಕೇಳಿ ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ.

ಪ್ರಶ್ನೆ: ಗೇಟಿನ ಹತ್ತಿರ ಉದ್ದಕ್ಕೆ ಬೆಳೆದ ಅಶೋಕ ಇದೆ. ಅದೂ ಅಪರೂಪದ್ದಾ?

ಅದು ಸೀತಾ ಅಶೋಕ ಅಲ್ಲ. ಅಪರೂಪವೂ ಅಲ್ಲ.

ಪ್ರಶ್ನೆ: ನಮ್ಮದು ಕಾರವಾರ, ಕಾಳಿ ದಂಡೆ. ಸಮುದ್ರ ಏರಿದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ತಾವಾಗಿಯೇ ಒಳಗೆ ಸರಿಯುತ್ತವೆ ಅಂತಾರೆ. ನಿಜವಾ?

ಜಾಗ ಇದ್ದರೆ ನಿಜ. ಉಬ್ಬರ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಅವುಗಳ ಸಸಿ ತೇಲಿ ಹೋಗಿ ಊರಿಕೊಳ್ಳುತ್ತವೆ. ಹಿಂದೆ ಕಲ್ಲಿನ ಪಿಚಿಂಗ್, ರಸ್ತೆ, ಕಾಂಪೌಂಡ್ ಇದ್ದರೆ ಎಲ್ಲಿಗೆ ಸರಿಯಬೇಕು? ಮುಂದೆ ನೀರು, ಹಿಂದೆ ಗೋಡೆ, ನಡುವೆ ಗಿಡ ಮುಳುಗುತ್ತದೆ. ನಿಮ್ಮ ದಂಡೆಯಲ್ಲಿ ಗೋಡೆ ಕಟ್ಟದ ಜಾಗ ಇನ್ನೂ ಉಳಿದಿದ್ದರೆ ಅದನ್ನು ಹಾಗೇ ಬಿಡಿ. ಅಲ್ಲಿ ಈಗ ಬರೀ ಹುಲ್ಲು, ಕೆಸರು ಕಂಡರೂ ಬಿಡಿ.